ಮೂರನೇ ಹಾಸಿಗೆಯ ಅಧ್ಯಕ್ಷರು

ಏಪ್ರಿಲ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಐದೂಮುಕ್ಕಾಲು. ಕುಶಾಲನಗರದ ಒಂದು ಸಣ್ಣ ಧರ್ಮಾಸ್ಪತ್ರೆಯ ಡಯಾಲಿಸಿಸ್ ಕೊಠಡಿ. ಹಾಜರಿದ್ದವರು ಇಬ್ಬರು: ಕೊಠಡಿಯ ಉಸ್ತುವಾರಿ ಸಿಸ್ಟರ್ ಆದ ನಾನು ಮತ್ತು ನೆಲ್ಯಹುದಿಕೇರಿಯಿಂದ ಮೊದಲ ಬಸ್ಸಿಗೆ ಬರುವ ನಮ್ಮ ಟೆಕ್ನೀಷಿಯನ್.

ನಮ್ಮಲ್ಲಿ ನಾಲ್ಕು ಯಂತ್ರಗಳಿವೆ. ಆಗ ನಾಲ್ಕನೆಯದರ ಪಂಪ್ ಕೆಟ್ಟು, ಬಿಳಿ ಬಟ್ಟೆ ಹೊದ್ದು ಮೂಲೆಯಲ್ಲಿ ನಿಂತಿತ್ತು. ಉಳಿದ ಮೂರರಲ್ಲಿ ದಿನಕ್ಕೆ ಎರಡು ಸರದಿ. ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ಸರದಿಗೆ ಬರುವವರು ಮೂವರು. ಶನಿವಾರ ತಪ್ಪಿಸುತ್ತೇನೆ ಎಂದರೆ ನಾನು ಯಾರಿಗೂ ಒಪ್ಪುವುದಿಲ್ಲ. ಮುಂದೆ ಭಾನುವಾರ, ಸೋಮವಾರ ಎರಡು ದಿನ ಇವರಿಗೆ ಸರದಿ ಇಲ್ಲ. ಮೂತ್ರಪಿಂಡ ಕೆಲಸ ಮಾಡದ ದೇಹದಲ್ಲಿ ನೀರೂ ಪೊಟ್ಯಾಸಿಯಮ್ಮೂ ಆ ಎರಡು ದಿನ ಏರುತ್ತಲೇ ಹೋಗುತ್ತವೆ. ಪೊಟ್ಯಾಸಿಯಂ ಮಿತಿ ಮೀರಿದರೆ ಹೃದಯ ಹೇಳದೆ ಕೇಳದೆ ನಿಲ್ಲುತ್ತದೆ.

ಮೊದಲ ಹಾಸಿಗೆ ಶನಿವಾರಸಂತೆಯಲ್ಲಿ ತರಕಾರಿ ಮಾರುತ್ತಿದ್ದ ಹೆಂಗಸಿನದು. ಎರಡನೆಯದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದು ನಿವೃತ್ತರಾದವರದು. ಆಳುಗಳ ಹಾಜರಿ, ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿನ ತೂಕ ಬರೆದುಕೊಳ್ಳುವ ಕೆಲಸ ಬಿಟ್ಟು ವರ್ಷಗಳಾದರೂ ಎಲ್ಲರಿಗೂ ಅವರು ರೈಟರೇ. ಮೂರನೆಯದು ಆಟೊ ಓಡಿಸುವವರದು. ವಯಸ್ಸು ನಲವತ್ತರ ಆಸುಪಾಸು, ಬೇಸಿಗೆಯಲ್ಲೂ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ. ಅವರ ಆಟೊದ ಹಿಂಭಾಗದಲ್ಲಿ ಒಬ್ಬ ಸಿನಿಮಾ ನಟರ ದೊಡ್ಡ ಚಿತ್ರವಿತ್ತು. ಆ ನಟರು ಅಂದು ಹನ್ನೊಂದು ಗಂಟೆಗೆ ನಮ್ಮ ಊರಿಗೆ ಬರುವವರಿದ್ದರು, ಚುನಾವಣೆಗೆ ನಿಂತ ಒಬ್ಬ ಅಭ್ಯರ್ಥಿಯ ಪರವಾಗಿ ತೆರೆದ ವಾಹನದಲ್ಲಿ ನಿಂತು ಕೈಮುಗಿಯಲು.

ಗೋಡೆಯ ಬಿಳಿ ಹಲಗೆಯ ಮೇಲೆ ನಾನು ಬರೆದ ನಿಯಮಗಳಿದ್ದವು. ತೂಕ ನೋಡದೆ ಹಾಸಿಗೆ ಏರಬಾರದು. ಸೂಜಿ ಇರುವ ಕೈ ಮಡಚಬಾರದು. ತಿಂಡಿಯ ಡಬ್ಬಿ ತೆರೆಯುವುದು ಸಿಸ್ಟರ್ ಹೇಳಿದ ಮೇಲೆ. ಕೊನೆಯ ಸಾಲು: ಇಲ್ಲಿ ರಾಜಕೀಯ ಮಾತು ಬೇಡ. ಹಿಂದಿನ ಒಂದು ಚುನಾವಣೆಯಲ್ಲಿ ಅಕ್ಕಪಕ್ಕದ ಹಾಸಿಗೆಯವರಿಬ್ಬರು ಜಗಳವಾಡಿ, ಒಬ್ಬರ ರಕ್ತದೊತ್ತಡ ಏರಿ ಇನ್ನೊಬ್ಬರ ಸೂಜಿ ಜರುಗಿದ ಮೇಲೆ ಆ ಸಾಲು ಸೇರಿತ್ತು. ಸಿನಿಮಾ ಮಾತಾಡಿ, ಎಷ್ಟು ಬೇಕಾದರೂ ಆಡಿ ಎಂದು ನಾನೇ ಹೇಳಿದ್ದೆ. ನಾಲ್ಕು ಗಂಟೆ ಅಲುಗಾಡದೆ ಮಲಗುವವರಿಗೆ ಏನಾದರೂ ಬೇಕಲ್ಲ. ಈ ಸಲ ಸಿನಿಮಾದವರೇ ಓಟು ಕೇಳಲು ಹೊರಟಾಗ ನನ್ನ ನಿಯಮದ ಬೇಲಿ ಎಲ್ಲಿ ಹಾಕಬೇಕೆಂಬುದೇ ತಿಳಿಯದಾಯಿತು. ಯಾರೂ ಪಕ್ಷದ ಹೆಸರು ಎತ್ತುತ್ತಿರಲಿಲ್ಲ. ನಟರ ಮೀಸೆಯಿಂದ ಶುರುವಾದ ಮಾತು ಎಲ್ಲೋ ನಡುವೆ ತಿರುವು ಹಿಡಿದು ಪಡಿತರದ ಅಕ್ಕಿಗೆ ಹೋಗಿ ಮುಟ್ಟುತ್ತಿತ್ತು. ತಡೆಯೋಣ ಎಂದರೆ ಅಷ್ಟರಲ್ಲಿ ಮತ್ತೆ ಮೀಸೆಗೆ ಬಂದಿರುತ್ತಿತ್ತು.

ನಮ್ಮ ಕೆಲಸ ಶುರುವಾಗುವುದು ನೀರಿನಿಂದ. ಒಬ್ಬರ ಡಯಾಲಿಸಿಸ್‌ಗೆ ನೂರು ಲೀಟರಿಗಿಂತ ಹೆಚ್ಚು ಶುದ್ಧ ನೀರು ಬೇಕು. ಹೊರಗಿನ ನೀರು ಮರಳಿನ ಫಿಲ್ಟರ್, ಇದ್ದಿಲಿನ ಫಿಲ್ಟರ್, ಆರ್‌ಒ ದಾಟಿ ಯಂತ್ರಕ್ಕೆ ಬರುತ್ತದೆ. ನೀರಿನ ಕ್ಲೋರಿನ್ನನ್ನು ಹೀರಿಕೊಳ್ಳುವುದು ಇದ್ದಿಲು. ಅದನ್ನೂ ದಾಟಿ ಕ್ಲೋರಿನ್ ಬಂದರೆ ರಕ್ತದ ಕೆಂಪು ಕಣಗಳು ಒಡೆದುಹೋಗುತ್ತವೆ. ಆದ್ದರಿಂದ ಪ್ರತಿದಿನ ಯಂತ್ರ ಹಾಕುವ ಮೊದಲು ಒಂದು ಪರೀಕ್ಷಾ ಪಟ್ಟಿಯನ್ನು ನೀರಿನಲ್ಲಿ ಅದ್ದಿ ನೋಡುತ್ತೇವೆ. ಪಟ್ಟಿ ಬಿಳಿಯಾಗಿಯೇ ಇರಬೇಕು.

ಟೆಕ್ನೀಷಿಯನ್ ಪಟ್ಟಿಯನ್ನು ಬೆಳಕಿಗೆ ಹಿಡಿದು, “ಸಿಸ್ಟರ್, ಇದು ಪಿಂಕ್ ಉಂಟಲ್ಲ!” ಎಂದರು.

ಇನ್ನೊಂದು ಪಟ್ಟಿ ಅದ್ದಿದೆವು. ಅದೂ ಗುಲಾಬಿ. ಕಾವಲುಗಾರನನ್ನು ಕೇಳಿದಾಗ ಕಾರಣ ತಿಳಿಯಿತು. ನಮಗೆ ಬೋರ್‌ವೆಲ್ ನೀರು ತರುವ ಟ್ಯಾಂಕರ್ ಹಿಂದಿನ ಸಂಜೆ ಬಂದಿರಲಿಲ್ಲ. ಬೇರೆ ಟ್ಯಾಂಕರಿನಿಂದ ತುಂಬಿಸಿದ್ದರು. ಆ ನೀರಿಗೆ ಯಾರೋ ಬ್ಲೀಚಿಂಗ್ ಪುಡಿಯನ್ನು ಕೈತುಂಬ ಸುರಿದಿದ್ದರು. ಫಿಲ್ಟರಿಗೆ ಹಿಂದಿನಿಂದ ನೀರು ಬಿಟ್ಟು ಇದ್ದಿಲು ತೊಳೆಯುವ ಕೆಲಸಕ್ಕೆ ಟೆಕ್ನೀಷಿಯನ್ನರನ್ನು ಹಚ್ಚಿದೆ. ಆದರೆ ತೊಟ್ಟಿಯಲ್ಲಿ ಅದೇ ನೀರು ಇರುವವರೆಗೆ ಎಷ್ಟು ತೊಳೆದರೂ ಅಷ್ಟೆ.

ಅಷ್ಟರಲ್ಲಿ ಆಟೊದವರು ಬಂದರು. ಪ್ರತಿ ಸಲ ಜೋರಾಗಿ “ಗುಡ್ ಮಾರ್ನಿಂಗ್ ಸಿಸ್ಟರೇ” ಎನ್ನುತ್ತ ಬರುವವರು ಅಂದು ಗೋಡೆ ಹಿಡಿದುಕೊಂಡು ಬಂದರು. ಬಿಳಿ ಪ್ಯಾಂಟು, ಬಿಳಿ ಅಂಗಿ, ಹೊಸದು.

“ಏನಾಯ್ತು ಕಾಲಿಗೆ?”

“ಏನಿಲ್ಲ, ರಾತ್ರಿ ಬಂಟಿಂಗ್ಸ್ ಕಟ್ತಾ ಇದ್ವಿ. ಹಿಡ್ಕೊಂಡಿದೆ ಅಷ್ಟೆ.”

ತೂಕ ನೋಡಿದೆ. ಇರಬೇಕಾದ್ದಕ್ಕಿಂತ ನಾಲ್ಕು ಕಿಲೊ ಹೆಚ್ಚು.

“ಎಷ್ಟು ನೀರು ಕುಡಿದಿರಿ?”

“ದೇವ್ರಾಣೆ ಒಂದ್ ತೊಟ್ಟೂ ಮುಟ್ಟಿಲ್ಲ ಸಿಸ್ಟರೇ. ನೀವ್ ಹೇಳಿದ್ರಲ್ಲ ನೀರು ಕಮ್ಮಿ ಅಂತ. ಬಾಯಾರಿಕೆಗೆ ಬರೀ ಎಳನೀರು.”

“ಎಷ್ಟು?”

“ಕಟೌಟಿಗೆ ಅಭಿಷೇಕ ಮಾಡಕ್ಕೆ ಅಂತ ಲೋಡ್ ತರ್ಸಿದ್ರು. ನಮ್ ಹುಡುಗ್ರು ಕೆತ್ತಿ ಕೆತ್ತಿ ಕೈಗೆ ಕೊಡ್ತಾನೇ ಇದ್ರು.”

“ತಿಂದದ್ದು?”

“ತಿನ್ನಕ್ಕೆಲ್ಲಿ ಟೈಮು? ಒಂದಿಷ್ಟು ಪಂಚಾಮೃತ. ಬಾಳೆಹಣ್ಣಿಂದು. ಕಟೌಟಿನ ಪ್ರಸಾದ ಅಲ್ವಾ, ಬೇಡ ಅನ್ನಕ್ಕಾಗುತ್ತಾ?”

ಎಳನೀರಿನಲ್ಲೂ ಬಾಳೆಹಣ್ಣಿನಲ್ಲೂ ಪೊಟ್ಯಾಸಿಯಂ ತುಂಬಿರುತ್ತದೆ. ಹಣ್ಣು ಬೇಡ ಎಂದು ಹೇಳಿದ್ದೆ, ಅವರು ಪ್ರಸಾದ ತಿಂದಿದ್ದರು. ನೀರು ಬೇಡ ಎಂದು ಹೇಳಿದ್ದೆ, ಅವರು ಎಳನೀರು ಕುಡಿದಿದ್ದರು. ಅವರ ಮಟ್ಟಿಗೆ ಎರಡು ಮಾತನ್ನೂ ಚಾಚೂ ತಪ್ಪದೆ ಪಾಲಿಸಿದ್ದರು. ಬೈಯಲು ಹೊತ್ತಿರಲಿಲ್ಲ. ಮಲಗಿಸಿ ಇಸಿಜಿ ತೆಗೆದೆ. ಕಾಗದದ ಮೇಲೆ ಗುಡ್ಡದಂತೆ ಬಾಗಿ ಇಳಿಯಬೇಕಾದ ಅಲೆಗಳು ಡೇರೆಯ ತುದಿಯಂತೆ ಚೂಪಾಗಿ ಎದ್ದಿದ್ದವು, ಪೊಟ್ಯಾಸಿಯಂ ಮಿತಿ ಮೀರಿದ ಗುರುತು.

ಡ್ಯೂಟಿ ಡಾಕ್ಟರು ಓಡಿ ಬಂದರು. ಮೈಸೂರಿನ ಕಿಡ್ನಿ ತಜ್ಞರಿಗೆ ಇಸಿಜಿಯ ಚಿತ್ರ ಕಳಿಸಿ ಫೋನಿನಲ್ಲಿ ಮಾತಾಡಿದರು. ಕ್ಯಾಲ್ಸಿಯಂ ಚುಚ್ಚುಮದ್ದನ್ನು ಇಸಿಜಿ ನೋಡುತ್ತ ನಿಧಾನವಾಗಿ ಕೊಟ್ಟೆವು. ಅದು ಹೃದಯವನ್ನು ಸ್ವಲ್ಪ ಹೊತ್ತು ಕಾಯುತ್ತದೆ, ಪೊಟ್ಯಾಸಿಯಮ್ಮನ್ನು ಹೊರಹಾಕುವುದಿಲ್ಲ. ಹೊರಹಾಕಲು ಯಂತ್ರವೇ ಬೇಕು.

ಡಾಕ್ಟರು ನನ್ನನ್ನು ಬಾಗಿಲಾಚೆ ಕರೆದರು. “ಮಡಿಕೇರಿಗೆ ಕಳಿಸಿದರೆ ದಾರಿಯಲ್ಲೇ ಒಂದು ಗಂಟೆ, ಅಲ್ಲಿ ಮಷಿನ್ ಖಾಲಿ ಇರಬೇಕು. ಇಲ್ಲಿ ನೀರು ಎಷ್ಟು ಹೊತ್ತಲ್ಲಿ ಆಗುತ್ತೆ ಸಿಸ್ಟರ್?”

“ಅದಕ್ಕಿಂತ ಮೊದಲು ಆಗುತ್ತೆ” ಎಂದೆ. ಆಗ ನನ್ನ ಕೈಯಲ್ಲಿ ಒಂದು ಬಕೆಟ್ ನೀರೂ ಇರಲಿಲ್ಲ.

ಟ್ಯಾಂಕರಿನವನಿಗೆ ಫೋನ್ ಮಾಡಿದೆ. “ಇವತ್ತು ಆಗಲ್ಲ ಮೇಡಂ. ಹೀರೊ ಬರೋ ರೋಡಿಗೆ ನೀರ್ ಹೊಡೀತಾ ಇದೀನಿ. ಧೂಳ್ ಏಳ್ಬಾರ್ದು ಅಂತ ಆರ್ಡರ್ ಆಗಿದೆ.”

“ಎಲ್ಲಿದ್ದೀಯ?”

“ಬಸ್ ಸ್ಟ್ಯಾಂಡ್ ಹತ್ರ.”

“ಅಲ್ಲೇ ಇರು.”

ಆಸ್ಪತ್ರೆಯಿಂದ ಬಸ್ ಸ್ಟ್ಯಾಂಡ್ ಹತ್ತಿರವೇ. ನಡೆದೇ ಹೋದೆ. ರಸ್ತೆಯ ಉದ್ದಕ್ಕೂ ಬಾವುಟ. ವೃತ್ತದಲ್ಲಿ ಮೂರಾಳೆತ್ತರದ ಕಟೌಟ್. ರಾತ್ರಿ ಸುರಿದ ಹಾಲು ಎದೆಯ ಮೇಲೆ ಗೆರೆಗೆರೆಯಾಗಿ ಒಣಗಿತ್ತು, ಪಾದದ ಬಳಿ ಕೆತ್ತಿದ ಎಳನೀರಿನ ಬುರುಡೆಗಳ ರಾಶಿಗೆ ನೊಣ ಮುತ್ತಿತ್ತು. ಟ್ಯಾಂಕರಿನವನು ಪೈಪು ಹಿಡಿದು ಡಾಂಬರಿಗೆ ಸ್ನಾನ ಮಾಡಿಸುತ್ತಿದ್ದ.

“ಮೇಡಂ, ನನ್ ಕೈಲಿಲ್ಲ. ಅಭಿಮಾನಿ ಸಂಘದ ಅಧ್ಯಕ್ಷರು ನಿನ್ನೆ ಸಂಜೆಯಿಂದ್ಲೇ ಬುಕ್ ಮಾಡಿದಾರೆ. ಅವ್ರನ್ನ ಕೇಳ್ದೆ ಗಾಡಿ ತಿರುಗ್ಸಂಗಿಲ್ಲ.”

“ಯಾರಪ್ಪ ಅಧ್ಯಕ್ಷರು?”

ಅವನು ಬ್ಯಾನರಿನತ್ತ ಕೈ ತೋರಿಸಿದ. ಮೇಲೆ ನಟರು, ಪಕ್ಕದಲ್ಲಿ ಅಭ್ಯರ್ಥಿ, ಕೆಳಗಿನ ದುಂಡನೆಯ ಚೌಕಟ್ಟಿನಲ್ಲಿ ಕಪ್ಪು ಕನ್ನಡಕ ಹಾಕಿದ ನಮ್ಮ ಮೂರನೇ ಹಾಸಿಗೆ. ಅಭಿಮಾನ ಇದೆ ಎಂದು ಗೊತ್ತಿತ್ತು, ಅಧ್ಯಕ್ಷರೆಂದು ಗೊತ್ತಿರಲಿಲ್ಲ. “ಮುಂದಿನ ಸಲ ಅವ್ರಿಗೇ ವಾರ್ಡ್ ಮೆಂಬರ್ ಟಿಕೆಟ್ಟಂತೆ” ಎಂದು ಟ್ಯಾಂಕರಿನವನು ಸೇರಿಸಿದ.

“ಅವರಿಗೆ ನಾನು ಹೇಳ್ತೀನಿ. ನೀನು ಗಾಡಿ ತಿರುಗಿಸು.”

“ನಿಮ್ಗೆ ಪರಿಚಯನಾ?”

“ಇದೆ” ಎಂದು ಮುಂದಿನ ಬಾಗಿಲು ತೆಗೆದು ಹತ್ತಿ ಕುಳಿತೆ. ಬಿಳಿ ಕೋಟು ಹಾಕಿದ ಮುದುಕಿ ಗಾಡಿಯಲ್ಲಿ ಕುಳಿತ ಮೇಲೆ ಅವನಿಗೆ ಬೇರೆ ದಾರಿ ಇರಲಿಲ್ಲ.

ನಮ್ಮಲ್ಲಿ ನೀರಿನ ತೊಟ್ಟಿಗಳು ಎರಡು. ಕೆಟ್ಟ ನೀರಿದ್ದದ್ದರ ಕವಾಟ ಮುಚ್ಚಿ, ಖಾಲಿಯಿದ್ದ ಎರಡನೆಯದಕ್ಕೆ ಬೋರ್‌ವೆಲ್ ನೀರು ತುಂಬಿಸಿದೆವು. ಪೈಪುಗಳಲ್ಲಿ ಉಳಿದ ಹಳೆಯ ನೀರನ್ನು ಚರಂಡಿಗೆ ಬಿಟ್ಟೆವು. ಇದ್ದಿಲನ್ನು ಮತ್ತೆ ತೊಳೆದೆವು. ಪಟ್ಟಿ ಅದ್ದಿದಾಗ ಇನ್ನೂ ಒಂದು ಎಳೆ ಬಣ್ಣ. ಟೆಕ್ನೀಷಿಯನ್ ನನ್ನ ಮುಖ ನೋಡಿದರು. “ಇನ್ನೊಮ್ಮೆ ಬಿಡಿ” ಎಂದೆ. ಮುಂದಿನ ಪಟ್ಟಿ ಬಿಳಿಯಾಗಿಯೇ ಉಳಿಯಿತು.

ಮೊದಲ ಹಾಸಿಗೆಯಿಂದ ಆರಂಭಿಸುವುದು ನನ್ನ ಕ್ರಮ. ಅಂದು ಮೂರರಿಂದ ಆರಂಭಿಸಿದೆ. ಆಟೊದವರ ಅಂಗಿಯ ಎಡತೋಳು ಮೇಲೆ ಸರಿಸಿದಾಗ, ವರ್ಷಗಟ್ಟಲೆ ಸೂಜಿ ಕಂಡು ಹಗ್ಗದಂತೆ ಉಬ್ಬಿದ ರಕ್ತನಾಳ ಕಂಡಿತು. ತುಂಬುತೋಳಿನ ಅಂಗಿಯ ಕಾರಣವೂ ಅದೇ. ಎರಡು ಸೂಜಿ ಹಾಕಿ, ಟೇಪು ಹಚ್ಚಿ, ಪಂಪ್ ತಿರುಗಿಸಿದೆ. ಕೊಳವೆಗಳು ಕೆಂಪಾದವು. ಎಂಟು ಗಂಟೆಯಾಗಿತ್ತು.

ಅವರು ಗಡಿಯಾರ ನೋಡಿದರು. “ಹತ್ತೂವರೆಗೆ ಬಿಟ್ಬುಡಿ ಸಿಸ್ಟರೇ.”

“ಹನ್ನೆರಡಕ್ಕೆ.”

“ಹನ್ನೊಂದಕ್ಕೆ ನಾನು ಗಾಡಿ ಮೇಲೆ ಇರ್ಲೇಬೇಕು.”

“ಹನ್ನೆರಡಕ್ಕೆ” ಎಂದು ಮತ್ತೆ ಹೇಳಿ, ಉಳಿದ ಇಬ್ಬರಿಗೂ ಯಂತ್ರ ಹಾಕಲು ಹೋದೆ.

ಎರಡು ಗಂಟೆಯಲ್ಲಿ ಅವರ ಮುಖಕ್ಕೆ ಕಳೆ ಬಂತು, ಕಾಲಿಗೆ ಬಲ ಬಂತು. ಇಸಿಜಿಯ ಚೂಪು ತಗ್ಗಿತು. ಅಪಾಯ ಇರುವುದೇ ಅಲ್ಲಿ. ರಕ್ತದ ಪೊಟ್ಯಾಸಿಯಂ ಮೊದಲು ಇಳಿಯುತ್ತದೆ, ಆಮೇಲೆ ಜೀವಕೋಶಗಳ ಒಳಗಿನದು ನಿಧಾನವಾಗಿ ರಕ್ತಕ್ಕೆ ಬರುತ್ತದೆ. ಅದನ್ನೂ ತೆಗೆಯಬೇಕಾದರೆ ಪೂರ್ತಿ ಹೊತ್ತು ಬೇಕು. ನಡುವೆ ಎದ್ದು ಹೋದರೆ ಮತ್ತೆ ಏರುತ್ತದೆ, ಮಂಗಳವಾರದವರೆಗೆ ಇಳಿಸುವವರು ಯಾರೂ ಇಲ್ಲ.

ಟಿವಿಯಲ್ಲಿ ಅದೇ ನಟರ ಹಳೆಯ ಸಿನಿಮಾ ಬರುತ್ತಿತ್ತು. ರೈಟರು ಸುಮ್ಮನಿರಲಿಲ್ಲ.

“ನಿನ್ನ ಹೀರೊ ಯಾವ ಊರಲ್ಲಿ ಆಸ್ಪತ್ರೆ ಕಟ್ಟಿಸಿದ್ದಾನೆ ಹೇಳು ಮಾರಾಯ.”

“ಡಿಸಿ ಪಾರ್ಟು ಮಾಡಿದ್ರಲ್ಲ, ಅದ್ರಲ್ಲಿ ಒಂದೇ ರಾತ್ರಿಗೆ ಕಟ್ಸಿಲ್ವಾ?”

“ಅದು ಪ್ಲೈವುಡ್ಡು. ಅದರ ಶೂಟಿಂಗ್ ಆದದ್ದು ನಮ್ಮ ಎಸ್ಟೇಟಲ್ಲೇ. ಮುಗಿದ ಮೇಲೆ ಆಸ್ಪತ್ರೆಯನ್ನು ಲಾರಿಗೆ ಹಾಕಿಕೊಂಡು ಹೋದರು. ನಾನೇ ಗೇಟು ತೆಗೆದದ್ದು.”

“ಆಸ್ಪತ್ರೆ ಅತ್ಲಾಗಿರ್ಲಿ ರೈಟ್ರೇ” ಎಂದರು ತರಕಾರಿಯಮ್ಮ. “ಇನ್ನೊಂದ್ರಲ್ಲಿ ತಾಯಿ ಕಾಲು ತೊಳೀತಾನಲ್ಲ, ಅದ್ ನೋಡಿ. ನನ್ ಮಗ ಒಂದ್ ಚೊಂಬು ನೀರ್ ತಂದ್ಕೊಡ ಅಂದ್ರೆ ಮೊಬೈಲಿಂದ ತಲೆ ಎತ್ತಲ್ಲ.”

“ಹಾಗಾದ್ರೆ ಓಟು ಅವನಿಗಾ?”

“ಅವ್ನೆಲ್ ನಿಂತವ್ನೆ? ನಿಂತಿರೋನ್ ಮುಖಾನೇ ನಾನ್ ನೋಡಿಲ್ಲ.”

ರೈಟರ ರಕ್ತದೊತ್ತಡ ನೋಡಿದೆ, ಏರಿತ್ತು. “ರಾಜಕೀಯ ಬೇಡ ಅಂತ ಬರೆದಿದ್ದೀನಿ” ಎಂದೆ.

“ನಾನೆಲ್ಲಿ ರಾಜಕೀಯ ಮಾತಾಡಿದೆ ಸಿಸ್ಟರ್? ಪ್ಲೈವುಡ್ ಮಾತಾಡಿದೆ.”

ಟಿವಿ ಆರಿಸಿದೆ. ಹತ್ತೂಕಾಲಿಗೆ ಆಟೊದವರು ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು.

“ನಾನ್ ಇಲ್ಲಿಗೆ ಬರೋದು ಸಂಘದಲ್ಲಿ ಒಬ್ರಿಗೂ ಗೊತ್ತಿಲ್ಲ ಸಿಸ್ಟರೇ. ವಾರಕ್ ಮೂರ್ ದಿನ ಬೇರೆಯವ್ರ ಕಾರಲ್ಲಿ ಮೈಸೂರಿಗೆ ಬಾಡಿಗೆ ಇದೆ ಅಂತ ಹೇಳಿದೀನಿ.”

“ಯಾಕೆ ಮುಚ್ಚಿಡಬೇಕು?”

“ಮಷಿನ್ ಮೇಲೆ ಬದುಕೋ ಮನುಷ್ಯಂಗೆ ಯಾರು ಟಿಕೆಟ್ ಕೊಡ್ತಾರೆ? ಇವತ್ತು ಅಣ್ಣನ ಪಕ್ಕ ನಾನ್ ನಿಂತಿಲ್ಲ ಅಂದ್ರೆ ನಮ್ ಕಾರ್ಯದರ್ಶಿ ನಿಲ್ತಾನೆ. ಫೋಟೋದಲ್ಲಿ ಯಾರಿದಾರೋ ಅವ್ರೇ ನಾಳೆ ಲೀಡರು.” ಮತ್ತೆ ಹೇಳಿದರು: “ಅದೂ ಹೋಗ್ಲಿ. ಕಾಲೇಜ್ ಬಿಟ್ಟಾಗಿಂದ ಕಾಯ್ತಿದೀನಿ, ಒಂದ್ಸಲ ಹತ್ರದಿಂದ ನೋಡಕ್ಕೆ.”

“ಜೀವ ಹೋದರೆ?”

“ಒಂದೂವರೆ ಗಂಟೆ ಕಮ್ಮಿ ಆದ್ರೆ ಹೋಗುತ್ತಾ?”

“ಹೋಗಬಹುದು.”

ಇದು ಮೊದಲ ಹಾಸಿಗೆಗೂ ಕೇಳಿಸಿತ್ತು. “ಲೋ ಮಗ” ಎಂದರು ತರಕಾರಿಯಮ್ಮ, “ನಾನು ಶನಿವಾರದ ಸಂತೇನೇ ಬುಟ್ಟು ಇಲ್ ಬಂದ್ ಮಲಗ್ತೀನಿ. ನೀನೊಂದು ಮೆರವಣಿಗೆ ಬುಡಕ್ಕಾಗಲ್ವಾ?”

“ಸಂತೆ ಮುಂದಿನ್ ವಾರನೂ ಇರುತ್ತೆ ಅಮ್ಮ. ಇವ್ರು ಬರ್ತಾರಾ?” ಎಂದವರು ನನ್ನತ್ತ ತಿರುಗಿ ಕಾಗದ ಕೇಳಿದರು.

ವೈದ್ಯರ ಸಲಹೆ ಮೀರಿ ಹೋಗುತ್ತಿದ್ದೇನೆ ಎಂದು ಸಹಿ ಹಾಕಿದರೆ ರೋಗಿಯನ್ನು ಹಿಡಿದಿಡುವ ಅಧಿಕಾರ ನಮಗಿಲ್ಲ. ಡಾಕ್ಟರು ಬಂದು ಇನ್ನೊಮ್ಮೆ ತಿಳಿಹೇಳಿ, ತಲೆಯಾಡಿಸಿ ಹೋದರು. ಕಾಗದ ತಂದು ಟ್ರೇ ಮೇಲಿಟ್ಟೆ. ಅವರು ಬಲಗೈಯಲ್ಲಿ ಪೆನ್ನು ಹಿಡಿದರು.

ಆಗ ಬಾಗಿಲು ತಟ್ಟಿದ ಸದ್ದಾಯಿತು. ಹೆಗಲಿಗೆ ಶಾಲು ಹಾಕಿದ ಇಬ್ಬರು, ಅವರ ಹಿಂದೆ ಕ್ಯಾಮೆರಾದವನು. ಪ್ರಚಾರದವರು. ನಾನು ಹೊರಗೆ ಹೋಗಿ ಬಾಗಿಲನ್ನು ಅರ್ಧ ಎಳೆದುಕೊಂಡೆ. ಮೆರವಣಿಗೆ ನಮ್ಮ ಗೇಟಿನ ಮುಂದೆಯೇ ಹಾದುಹೋಗುವುದಂತೆ, ಹೀರೊ ಎರಡು ನಿಮಿಷ ಇಳಿದು ಒಳಗೆ ಬರುತ್ತಾರಂತೆ, ಒಬ್ಬ ರೋಗಿಯ ಕೈ ಹಿಡಿದು ಕೂರುತ್ತಾರಂತೆ, ಅಭ್ಯರ್ಥಿ ಪಕ್ಕದಲ್ಲಿರುತ್ತಾರಂತೆ.

“ಜಾಸ್ತಿ ಏನಿಲ್ಲ ಮೇಡಂ, ಒಂದು ಶಾಟ್” ಎಂದರು ಒಬ್ಬರು. ಸಂದಿಯಿಂದ ನಾಲ್ಕನೇ ಯಂತ್ರ ಅವರ ಕಣ್ಣಿಗೆ ಬಿತ್ತು. “ಅದ್ಯಾಕೆ ಮುಚ್ಚಿದೀರಿ? ಕೆಟ್ಟಿದೆಯಾ? ಹೊಸ ಮಷಿನ್ ಕೊಡಿಸ್ತೀವಿ ಅಂತ ಹೀರೊ ಬಾಯಿಂದ ಮೈಕಲ್ಲೇ ಹೇಳಿಸ್ತೀವಿ. ಆಯ್ತಲ್ಲ?”

ತಕ್ಷಣ ಇಲ್ಲ ಎನ್ನಲಾಗಲಿಲ್ಲ. ನಮ್ಮಲ್ಲಿ ಜಾಗ ಸಿಗದೆ ವಾರಕ್ಕೆ ಮೂರು ಸಲ ಮೈಸೂರಿಗೆ ಬಸ್ಸಿನಲ್ಲಿ ಹೋಗಿ ಬರುವವರು ನನಗೆ ಗೊತ್ತು. ಒಂದು ಯಂತ್ರವೆಂದರೆ ಅವರಲ್ಲಿ ಕೆಲವರು ಊರಲ್ಲೇ ಉಳಿದಂತೆ. ಕ್ಯಾಮೆರಾ, ಜನ, ಚಪ್ಪಲಿಯ ಧೂಳು ತೆರೆದ ಸೂಜಿಗಳ ನಡುವೆ ಬರುವುದು ತಪ್ಪೇ. ಆದರೂ ಅಂಥ ತಪ್ಪಿಗೆ ಒಪ್ಪಿ ಯಂತ್ರ ಪಡೆದುಕೊಂಡ ಆಸ್ಪತ್ರೆಗಳಿಲ್ಲವೇ ಎಂಬ ಯೋಚನೆ ನನ್ನಲ್ಲೂ ಬಂತು. “ಐದು ನಿಮಿಷ ನಿಲ್ಲಿ” ಎಂದು ಒಳಗೆ ಬಂದೆ.

ಮೂರನೇ ಹಾಸಿಗೆಯಲ್ಲಿ ಮುಖ ಕಾಣಲಿಲ್ಲ. ಹೊದಿಕೆಯನ್ನು ತಲೆಯ ಮೇಲಿನವರೆಗೆ ಎಳೆದುಕೊಂಡಿದ್ದರು. ಸೂಜಿಯ ಕೈ ಮಾತ್ರ, ನಿಯಮದ ಪ್ರಕಾರ, ಮಡಚದೆ ಹೊರಗಿತ್ತು.

ರೋಗಿಗಳನ್ನು ಕೇಳಿ ನಿಯಮ ಮಾಡಿದವಳಲ್ಲ ನಾನು. ಅಂದು ಕೇಳಿದೆ. ಮಲಗಿರುವ ಮೈ ಅವರದು, ಪಟವೂ ಅವರದೇ. “ಹೀರೊ ಒಳಗೆ ಬರ್ತಾರಂತೆ, ಕ್ಯಾಮೆರಾ ಜೊತೆ. ಹೊಸ ಯಂತ್ರದ ಮಾತೂ ಆಡ್ತಿದ್ದಾರೆ. ಮೂವರಲ್ಲಿ ಒಬ್ಬರು ಬೇಡ ಅಂದರೂ ನಾನು ಬಿಡಲ್ಲ. ಹೇಳಿ.”

ತರಕಾರಿಯಮ್ಮನ ಕೈ ತಾನಾಗಿ ಕೂದಲಿಗೆ ಹೋಯಿತು. ಕಣ್ಣು ಬಾಗಿಲ ಕಡೆ ಹೊರಳಿತು. ಆಮೇಲೆ ಕೊಳವೆಗಳನ್ನು ನೋಡಿಕೊಂಡರು. “ಈ ಅವತಾರದಲ್ಲಿ ನೋಡ್ಬೇಕಾ ಅವ್ನು ನನ್ನ? ಒಳ್ಳೆ ಸೀರೆ ಉಟ್ಕಂಡು ತಕ್ಕಡಿ ಮುಂದೆ ಕೂತಾಗ ಬರ್ಲಿ, ಎರಡು ಸೌತೆಕಾಯಿ ಜಾಸ್ತಿ ಹಾಕ್ತೀನಿ. ನೀವ್ ಹೆಂಗ್ ಹೇಳಿದ್ರೆ ಹಂಗೆ.”

ಇದು ಬೇಕೂ ಅಲ್ಲ, ಬೇಡವೂ ಅಲ್ಲ. ರೈಟರ ಕಡೆ ತಿರುಗಿದೆ. ಅವರು ಮೂರನೇ ಹಾಸಿಗೆಯ ಹೊದಿಕೆಯ ಗುಡ್ಡವನ್ನು ನೋಡಿದರು. ಗೇಲಿ ಮಾಡಲು ಅದಕ್ಕಿಂತ ಒಳ್ಳೆಯ ಸಮಯ ಅವರಿಗೆ ಸಿಗುತ್ತಿರಲಿಲ್ಲ.

“ನನಗೆ ಬೇಡ” ಎಂದರು, ಬಾಗಿಲಾಚೆಗೂ ಕೇಳುವಷ್ಟು ಗಟ್ಟಿಯಾಗಿ. “ಆ ಪಾರ್ಟಿಯವರ ಪಟದಲ್ಲಿ ನನ್ನ ಮುಖ ಬಂದರೆ ನಾನು ನಮ್ಮ ಊರಿಗೆ ಹೋಗೋದು ಹೇಗೆ? ಎರಡನೇ ಬೆಡ್ಡಿನ ಮುದುಕ ಬೇಡ ಅಂದ ಅಂತಲೇ ಹೇಳಿ.”

ಮೂರನೆಯವರನ್ನು ಕೇಳುವ ಅಗತ್ಯ ಬೀಳಲಿಲ್ಲ.

ಹೊರಗೆ ಹೋಗಿ ತಿಳಿಸಿದೆ. “ಮಷಿನ್ ಬೇಡ್ವಾ ಮೇಡಂ?” ಎಂದರು, ನಂಬದವರಂತೆ.

“ಬೇಕು. ಪಟ ಇಲ್ಲದೆ ಕೊಡಿ, ಇವತ್ತೇ ಇಳಿಸಿಕೊಳ್ತೀನಿ.”

ಅವರು ನಕ್ಕರು. ಮೆಟ್ಟಿಲಿಳಿದು ಗೇಟಿನ ಬಳಿ ಹೋಗಿ ನಿಂತರು. ಅಲ್ಲಿ ಆಗಲೇ ಬಾವುಟ ಹಿಡಿದವರು ಸೇರಿದ್ದರು. ನಮ್ಮ ಆಸ್ಪತ್ರೆಗೆ ಇರುವುದು ಅದೊಂದೇ ಗೇಟು.

ಒಳಗೆ ಬಂದಾಗ ಹೊದಿಕೆ ಸರಿದಿತ್ತು. ಕಾಗದ ಟ್ರೇ ಮೇಲೆಯೇ ಇತ್ತು. “ಗೇಟಲ್ಲಿ ನಮ್ಮೋರು ಇದಾರಾ?” ಎಂದು ಕೇಳಿದರು.

“ತುಂಬಾ ಜನ ಇದ್ದಾರೆ. ಹೋಗೋದಾದರೆ ಸೂಜಿ ತೆಗೆದು ಪಟ್ಟಿ ಕಟ್ಟಿ ಕಳಿಸ್ತೀನಿ.”

ಅವರು ತಮ್ಮ ತೋಳು ನೋಡಿಕೊಂಡರು. ಅಷ್ಟರಲ್ಲಿ ಹಾಸಿಗೆಯ ಮೇಲಿದ್ದ ಅವರ ಫೋನು ಬಂತು, ಒಂದು ಬೆರಳಿನಿಂದ ಸ್ಪೀಕರ್ ಒತ್ತಿದರು. ಆಚೆಯ ದನಿ ನಮಗೂ ಕೇಳಿಸುವಷ್ಟು ಜೋರಾಗಿತ್ತು: “ಅಧ್ಯಕ್ಷ್ರೇ, ಎಲ್ಲಿದೀರಾ? ಅಣ್ಣ ಬಂದ್ಬಿಟ್ರು!”

ಬಲಗೈಯಲ್ಲಿದ್ದ ಪೆನ್ನನ್ನು ಟ್ರೇಗೆ ಹಾಕಿ ಹೇಳಿದರು: “ಮೈಸೂರಲ್ಲಿ ಗಾಡಿ ಕೆಟ್ಟೋಯ್ತು ಕಣೋ. ಬರಕ್ಕಾಗಲ್ಲ. ಕಾರ್ಯದರ್ಶಿ ಅಲ್ವಾ, ಹಾರ ನೀನೇ ಹಾಕ್ಬುಡು.” ಫೋನು ಇಟ್ಟು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ನಾನು ಕಾಗದ ತೆಗೆದು ಡ್ರಾಯರಿಗೆ ಹಾಕಿದೆ. ಅವರನ್ನು ಉಳಿಸಿದ್ದು ನನ್ನ ಮಾತೂ ಅಲ್ಲ, ಇಸಿಜಿಯೂ ಅಲ್ಲ. ಕಂಡುಬಿಡುತ್ತಾರೆಂಬ ಭಯ. ಆ ಹೊತ್ತಿಗೆ ಅದಾದರೂ ಇತ್ತಲ್ಲ ಎಂದುಕೊಂಡೆ.

ತಮಟೆಯ ಸದ್ದು ಹತ್ತಿರವಾಯಿತು. ಕಿಟಕಿಯ ಗಾಜು ಅದುರಿತು. ಮೈಕಿನಲ್ಲಿ ನಟರ ದನಿ, ಸಿನಿಮಾದ ಮಾತನ್ನೇ ಹೇಳಿ ಕೊನೆಗೆ ಅಭ್ಯರ್ಥಿಯ ಹೆಸರು ಸೇರಿಸಿತು. ಜನ ಶಿಳ್ಳೆ ಹೊಡೆದರು. ಆಟೊದವರ ಕಾಲಿನ ಬೆರಳುಗಳು ಹೊದಿಕೆಯೊಳಗೆ ತಾಳ ಹಾಕುತ್ತಿದ್ದವು, ಮುಖ ಮಾತ್ರ ಗೋಡೆಯ ಕಡೆಗೇ ಇತ್ತು. ಹಾಗೆಯೇ ಕೇಳಿದರು:

“ರೈಟ್ರೇ, ಶೂಟಿಂಗಲ್ಲಿ ನೀವ್ ಹತ್ರದಿಂದ ನೋಡಿದ್ರಲ್ಲ. ಹೆಂಗಿರ್ತಾರೆ?”

ರೈಟರು ಪ್ಲೈವುಡ್ಡಿಗೆ ಹೋಗುತ್ತಾರೆಂದು ಕೈಯಲ್ಲಿ ಬಿಪಿ ಪಟ್ಟಿ ಹಿಡಿದು ಸಿದ್ಧವಾದೆ.

“ಎತ್ತರ ನೀನು ಅಂದುಕೊಂಡಷ್ಟಿಲ್ಲ. ಬಣ್ಣ ಒಳ್ಳೆಯದು” ಎಂದು ಶುರು ಮಾಡಿದರು. “ಫೈಟಿಂಗ್ ಸೀನು. ಹತ್ತು ಜನಕ್ಕೆ ಹೊಡೆದು ಬಂದು ಪಿಕ್ಕಿಂಗ್ ಬುಟ್ಟಿ ಮಗುಚಿ ಹಾಕಿ ಅದರ ಮೇಲೆ ಕೂತ. ಕಾಲಿಗೆ ಜಿಗಣೆ ಹತ್ತಿತ್ತು. ನೋಡಿದವನೇ ಒಂದು ಕೂಗು ಹಾಕಿದ ನೋಡು, ಆಳುಗಳ ಲೈನಿನ ಮನೆಗಳಿಂದ ಹೆಂಗಸರೆಲ್ಲ ಓಡಿ ಬಂದರು, ಹುಲಿ ಬಂತೋ ಅಂತ!”

ತರಕಾರಿಯಮ್ಮ ನಕ್ಕು ಕೆಮ್ಮಿದರು. ಗೋಡೆಯ ಕಡೆಯ ಭುಜವೂ ಅಲುಗಿತು.

“ಆಮೇಲೆ?”

“ಒಬ್ಬಳು ಉಪ್ಪು ತಂದು ಹಾಕಿದಳು, ಬಿತ್ತು. ಅವಳ ಹೆಸರು ಕೇಳಿದ. ಕ್ಯಾಮೆರಾ ಇರಲಿಲ್ಲ ಆಗ. ಎಲ್ಲರ ಜೊತೆ ನೆಲದಲ್ಲೇ ಕೂತು ಬೆಲ್ಲದ ಕಾಫಿ ಕುಡಿದ. ಮಾರನೇ ದಿನ ಬಂದಾಗ ಅವಳನ್ನು ಹೆಸರು ಹಿಡಿದೇ ಕರೆದ. ಅದು ನಾನು ಕಣ್ಣಾರೆ ಕಂಡದ್ದು. ಸುಳ್ಳು ಹೇಳೋದಿಲ್ಲ.” “ಓಟು ಮಾತ್ರ ಹಾಕೋದಿಲ್ಲ” ಎಂದೂ ಸೇರಿಸಿದರು.

“ಹಾಕ್ಬೇಡಿ ಬಿಡಿ” ಎಂದರು ಆಟೊದವರು. ಈಗ ಇತ್ತ ತಿರುಗಿದ್ದರು. “ಜಿಗಣೆದು ಇನ್ನೊಂದ್ಸಲ ಹೇಳಿ.”

ಮೆರವಣಿಗೆ ದಾಟಿಹೋಯಿತು. ಜಿಗಣೆಯ ಕಥೆ ಎರಡನೆಯ ಸಲ ಇನ್ನಷ್ಟು ಉದ್ದವಾಯಿತು. ರೈಟರ ರಕ್ತದೊತ್ತಡ ನೋಡಿದೆ, ಇಳಿದಿತ್ತು.

ಹನ್ನೆರಡಕ್ಕೆ ಆಟೊದವರ ರಕ್ತವನ್ನು ಪೂರ್ತಿ ಒಳಗೆ ಹಿಂತಿರುಗಿಸಿ ಸೂಜಿ ತೆಗೆದೆ. ಹತ್ತಿ ಒತ್ತಿ ಹಿಡಿಯುವಾಗ ಒಂದು ಸೂಜಿಯ ಬಾಯಿ ಜಿನುಗಿ ಬಿಳಿ ಅಂಗಿಯ ತೋಳಿಗೆ ಕಲೆಯಾಯಿತು. ಮತ್ತೆ ಒತ್ತಿದೆ, ನಿಂತಿತು. ತೂಕ ಸರಿಯಿತ್ತು. ಇಸಿಜಿಯ ಅಲೆ ಬಾಗಿ ಇಳಿಯುತ್ತಿತ್ತು. ಡಾಕ್ಟರು ನೋಡಿ, ರಕ್ತ ಪರೀಕ್ಷೆಗೆ ಕಳಿಸಿ, ಇನ್ನೊಂದು ಗಂಟೆ ಕೂರಿಸಿಕೊಂಡು, ಮನೆಗೆ ಹೋಗಬಹುದು ಎಂದರು. ಅವರು ಎದ್ದವರು ಬಾಗಿಲಲ್ಲಿ ನಿಂತುಬಿಟ್ಟರು. ತೋಳಿನ ಕಲೆ ದೂರಕ್ಕೂ ಕಾಣುತ್ತಿತ್ತು, ರಸ್ತೆಯಲ್ಲಿ ಸಂಘದ ಹುಡುಗರು ಇನ್ನೂ ಓಡಾಡುತ್ತಿದ್ದರು.

ಆ ಹೊತ್ತಿಗೆ ರೈಟರ ಸರದಿಯೂ ಮುಗಿದಿತ್ತು. ಮೊಳೆಗೆ ನೇತುಹಾಕಿದ್ದ ತಮ್ಮ ಹಳೆಯ ಖಾಕಿ ಜರ್ಕಿನ್ ತೆಗೆದು ಅವರತ್ತ ಚಾಚಿದರು.

“ಹಾಕಿಕೋ. ಸೆಖೆ ಆಗ್ತದೆ, ಸಾಯೋದಿಲ್ಲ. ಮಂಗಳವಾರ ವಾಪಸ್ ತರಬೇಕು. ತರದಿದ್ದರೆ ನಿನ್ನ ಸಂಘಕ್ಕೇ ಬಂದು ಕೇಳ್ತೇನೆ.”

“ಅಲ್ಲಿಗ್ ಬರ್ಬೇಡಿ ಮಾರಾಯ್ರೇ. ನಾನೇ ತರ್ತೀನಿ.”

ಜರ್ಕಿನ್ ತೊಟ್ಟು, ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ಏಪ್ರಿಲ್ಲಿನ ಬಿಸಿಲಿಗೆ ಇಳಿದು ಹೋದರು.

ಎರಡನೇ ಸರದಿ ತಡವಾಗಿ ಶುರುವಾಗಿ ತಡವಾಗಿಯೇ ಮುಗಿಯಿತು. ನಡುವೆ ರಕ್ತದ ವರದಿ ಬಂತು, ಪೊಟ್ಯಾಸಿಯಂ ಮಿತಿಯಲ್ಲಿತ್ತು. ಯಂತ್ರದ ಮಾತು ಮೈಕಿನಲ್ಲಿ ಬರಲಿಲ್ಲ, ಆಮೇಲೂ ಬರಲಿಲ್ಲ. ಸಂಜೆ ಮೂರೂ ಯಂತ್ರಗಳಿಗೆ ಸಿಟ್ರಿಕ್ ಆಮ್ಲ ಹಾಕಿ ಬಿಸಿನೀರಿನಲ್ಲಿ ತೊಳೆಯಲು ಬಿಟ್ಟೆವು. ಕೆಟ್ಟ ನೀರಿನ ತೊಟ್ಟಿಯನ್ನು ಬರಿದು ಮಾಡಿಸಿದೆ. ಟ್ಯಾಂಕರಿನವನಿಗೆ ಸೋಮವಾರ ಬೆಳಗಿನ ನೀರಿಗೆ ಹೇಳಿದೆ. ಆಮೇಲೆ ಒದ್ದೆ ಬಟ್ಟೆ ತೆಗೆದುಕೊಂಡು ಬಿಳಿ ಹಲಗೆಯ ಕೊನೆಯ ಸಾಲನ್ನು ಒರೆಸಿ, ಆ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಎಳನೀರೂ ನೀರೇ. ಪ್ರಸಾದದ ಬಾಳೆಹಣ್ಣೂ ಬಾಳೆಹಣ್ಣೇ.

ಟೆಕ್ನೀಷಿಯನ್ ಬ್ಯಾಗು ಹೆಗಲಿಗೇರಿಸಿ ಓದಿದರು. “ರಾಜಕೀಯದ ಲೈನ್ ಬೇಡವಾ ಸಿಸ್ಟರ್?”

“ಹಲಗೆಯಲ್ಲಿ ಜಾಗ ಇಲ್ಲ” ಎಂದೆ. ನೀರಿನ ಕವಾಟ ಮುಚ್ಚಿ, ದೀಪ ಆರಿಸಿ, ಬೀಗ ಹಾಕಿದೆ.